ಗಾಡಿಯಲ್ಲೇ ಮಲಗುವವರಿಗೆ ಊರಿನ ಜಾಗ



ಈ ದತ್ತಿ ಉಪನ್ಯಾಸಕ್ಕೆ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದಾಗ ಬಹುಶಃ ಸಾಹಿತ್ಯದ ಒಂದು ವಿಷಯವನ್ನೋ ಸ್ಥಳೀಯ ಚರಿತ್ರೆಯನ್ನೋ ನಿರೀಕ್ಷಿಸಿದ್ದರು. ನನ್ನ ಮಾತು ಚರಿತ್ರೆಯನ್ನೂ ಮುಟ್ಟುತ್ತದೆ. ಆದರೆ ನನ್ನನ್ನು ಕಾಡುತ್ತಿರುವುದು ಇವತ್ತಿನ ರಾತ್ರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ದಿನಾ ರಾತ್ರಿ ಒಂದಷ್ಟು ಜನ ಮನೆಯಲ್ಲೂ ಮಲಗುವುದಿಲ್ಲ, ಲಾಡ್ಜಿನಲ್ಲೂ ಮಲಗುವುದಿಲ್ಲ. ತಾವು ಬಂದ ಗಾಡಿಯಲ್ಲೇ ಮಲಗುತ್ತಾರೆ. ಲಾರಿಯ ಕ್ಯಾಬಿನ್ನಿನಲ್ಲಿ, ಗೂಡ್ಸ್ ಆಟೊದ ಹಿಂಬದಿಯಲ್ಲಿ, ಟ್ರ್ಯಾಕ್ಟರಿನ ಟ್ರೇಲರ್ ಅಡಿಯಲ್ಲಿ, ಭತ್ತ ಕೊಯ್ಯುವ ಯಂತ್ರದ ಪಕ್ಕದಲ್ಲಿ ಚಾಪೆ ಹಾಸಿಕೊಂಡು. ಇವರು ಗಾಡಿ ನಿಲ್ಲಿಸಿ ಹೆದರಿಕೆಯಿಲ್ಲದೆ ಕಣ್ಣು ಮುಚ್ಚಲು, ಬೆಳಿಗ್ಗೆ ಎದ್ದು ಮುಖ ತೊಳೆದು ಹೊರಡಲು, ಪ್ರತಿ ಪಟ್ಟಣದಲ್ಲೂ ಒಂದು ಜಾಗ ಇರಬೇಕು. ಅದನ್ನು ಊರೇ ಕೊಡಬೇಕು. ಇಷ್ಟೇ ನನ್ನ ವಾದ. ಉಳಿದದ್ದೆಲ್ಲ ಅದಕ್ಕೆ ಕಾರಣಗಳು.

ಯಾರಿವರು? ಮೊದಲು ಲಾರಿಯವರನ್ನೇ ನೋಡೋಣ. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ ಹಳೆಯ 13ನೇ ನಂಬರಿನ ಹೆದ್ದಾರಿ ನಮಗೆಲ್ಲ ಗೊತ್ತಿರುವ ದಾರಿ. ಹೊಸಪೇಟೆ, ಕೂಡ್ಲಿಗಿ ದಾಟಿ ಜಗಳೂರು ಸೀಮೆಯನ್ನು ಸವರಿಕೊಂಡು ಚಿತ್ರದುರ್ಗಕ್ಕೆ ಬಂದು, ಹೊಳಲ್ಕೆರೆ, ಚನ್ನಗಿರಿ ಮೇಲೆ ಶಿವಮೊಗ್ಗಕ್ಕೆ ಇಳಿಯುತ್ತಿತ್ತು. ಈಗ ಅದಕ್ಕೆ ಬೇರೆ ಬೇರೆ ನಂಬರು ಬಂದಿವೆ. ಓಡುವ ಗಾಡಿಗಳು ಹೆಚ್ಚಾಗಿವೆ. ಇತ್ತ ಶಿವಮೊಗ್ಗದಿಂದ ಹೊನ್ನಾಳಿ ಮೇಲೆ ತುಂಗಭದ್ರೆಯ ದಂಡೆ ಹಿಡಿದು ಹರಿಹರಕ್ಕೆ ಹೋಗುವ ರಸ್ತೆಯೂ ರಾತ್ರಿಯೆಲ್ಲ ಎಚ್ಚರವಾಗಿರುತ್ತದೆ. ಚನ್ನಗಿರಿಯ ಖೇಣಿ ಮನೆಗಳಲ್ಲಿ ಸುಲಿದು, ಬೇಯಿಸಿ, ಒಣಗಿಸಿದ ರಾಶಿ ಅಡಿಕೆ ಉತ್ತರ ಭಾರತದ ಊರುಗಳಿಗೆ ಹೋಗುವುದು ಲಾರಿಯ ಮೇಲೆ. ಜಗಳೂರಿನ ಮೆಕ್ಕೆಜೋಳ ತಮಿಳುನಾಡಿನ ನಾಮಕ್ಕಲ್ ಕಡೆಯ ಕೋಳಿ ಫಾರಂಗಳಿಗೆ ಹೋಗುವುದೂ ಲಾರಿಯ ಮೇಲೆಯೇ. ಮಾಲು ತುಂಬಲು ಪಾಳಿ ಬರುವವರೆಗೆ ಕಾಯಬೇಕು. ತೂಕಕ್ಕೆ ಕಾಯಬೇಕು, ಬಿಲ್ಲಿಗೆ ಕಾಯಬೇಕು, ಹಮಾಲರು ಬೆಳಿಗ್ಗೆ ಬರುತ್ತಾರೆಂದರೆ ಬೆಳಗಿನವರೆಗೂ ಕಾಯಬೇಕು. ಆ ಕಾಯುವ ರಾತ್ರಿಯ ಲೆಕ್ಕ ಯಾರ ಖಾತೆಯಲ್ಲೂ ಬರೆದಿರುವುದಿಲ್ಲ.

ಭದ್ರಾ ನಾಲೆಯ ಸೀಮೆಯಲ್ಲಿ ಭತ್ತ ಹಣ್ಣಾದಾಗ ಬರುವವರು ಬೇರೆ. ಕೊಯ್ಲು ಯಂತ್ರದ ಜೊತೆ ಒಬ್ಬ ಆಪರೇಟರ್, ಒಬ್ಬ ಸಹಾಯಕ, ಡೀಸೆಲ್ ತರುವ ಒಬ್ಬ ಹುಡುಗ. ಅನೇಕರು ತಮಿಳುನಾಡಿನವರು. ಮುಂಗಾರಿನ ಬೆಳೆಗೊಮ್ಮೆ, ಬೇಸಿಗೆ ಬೆಳೆಗೊಮ್ಮೆ ಬಂದು, ಗದ್ದೆಯಿಂದ ಗದ್ದೆಗೆ ಹೋಗುತ್ತಾ ಯಂತ್ರ ನಿಂತಲ್ಲೇ ಮಲಗುತ್ತಾರೆ. ಕೊಯ್ಲು ಮುಗಿದ ಗದ್ದೆಗೆ ಬಾತುಕೋಳಿಯವರು ಬರುತ್ತಾರೆ. ಜಾತ್ರೆಗಳ ಕಾಲದಲ್ಲಿ ತೊಟ್ಟಿಲು, ಜೋಕಾಲಿ, ಮಿಠಾಯಿ ಅಂಗಡಿ, ನಾಟಕ ಕಂಪನಿಯವರ ಗಾಡಿಗಳು ಸಾಲುಗಟ್ಟುತ್ತವೆ. ಪ್ಲಾಸ್ಟಿಕ್ ಕೊಡ, ಕಂಬಳಿ, ಕುರ್ಚಿ ಮಾರುವವರು ಹೆಂಡತಿ ಮಕ್ಕಳನ್ನು ಸಣ್ಣ ಗೂಡ್ಸ್ ಗಾಡಿಯಲ್ಲಿ ಕೂರಿಸಿಕೊಂಡು ಊರೂರು ತಿರುಗುತ್ತಾರೆ. ಹಗಲು ಅದು ಅಂಗಡಿ, ರಾತ್ರಿ ಅದೇ ಮಲಗುವ ಕೋಣೆ.

ನಮ್ಮವರೂ ಹೀಗೆಯೇ ಬೇರೆ ಊರುಗಳಲ್ಲಿ ಮಲಗುತ್ತಾರೆ ಎಂಬುದನ್ನು ಮರೆಯಬಾರದು. ಮಳೆ ಕೈಕೊಟ್ಟ ವರ್ಷ ಜಗಳೂರಿನಿಂದ ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುವ ಕುಟುಂಬಗಳಿವೆ. ಹೊನ್ನಾಳಿ, ಚನ್ನಗಿರಿಯ ತಾಂಡಾಗಳಿಂದ ಕಬ್ಬು ಕಡಿಯಲು ದೂರದ ಜಿಲ್ಲೆಗಳಿಗೆ ಹೋಗುವವರಿದ್ದಾರೆ. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನರಂತೂ ತೈಲ, ಬೇರು, ಮೂಲಿಕೆ ಹಿಡಿದು ದೇಶಗಳನ್ನೇ ದಾಟುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕರ್ನಾಟಕದ ಹಕ್ಕಿಪಿಕ್ಕಿಗಳ ಸುದ್ದಿ ಇಡೀ ದೇಶಕ್ಕೆ ತಲುಪಿತು. ಆಪರೇಷನ್ ಕಾವೇರಿಯಲ್ಲಿ ಅವರನ್ನು ಕರೆತರಲಾಯಿತು. ಆಗ ನಾವು ಅವರಿಗಾಗಿ ಮಿಡಿದೆವು, ಅದು ಸರಿಯಾದದ್ದೇ. ಸುಡಾನಿನಲ್ಲಿದ್ದ ನಮ್ಮವರಿಗೆ ಬೇಕಾಗಿದ್ದ ಒಂದು ರಾತ್ರಿಯ ನೆಮ್ಮದಿ, ನಮ್ಮ ಊರಿಗೆ ಬಂದ ಇನ್ನೊಬ್ಬರಿಗೂ ಬೇಕಲ್ಲವೇ?

ಈಗ ಸಂತೇಬೆನ್ನೂರಿಗೆ ಬನ್ನಿ. ಚನ್ನಗಿರಿ ತಾಲ್ಲೂಕಿನ ಈ ಊರಿನ ಪುಷ್ಕರಿಣಿಯನ್ನು ನೋಡದವರು ಈ ಸಭೆಯಲ್ಲಿ ಇರಲಾರರು. 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು, ನಡುವೆ ವಸಂತ ಮಂಟಪ, ಸುತ್ತ ಮೆಟ್ಟಿಲು. ಪ್ರವಾಸಿಗರು ಹೊಂಡದ ಚೆಲುವಿಗೆ ಮನಸೋತು, ಎದುರಿಗಿರುವ ದೊಡ್ಡ ಕಮಾನುಗಳ ಕಟ್ಟಡವನ್ನು ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ಅದು ಮುಸಾಫಿರ್‌ಖಾನೆ. ಬಿಜಾಪುರದ ಸೇನಾಪತಿ ರಣದುಲ್ಲಾಖಾನ್ ಈ ಸೀಮೆಯನ್ನು ಗೆದ್ದ ಮೇಲಿನ ಕಾಲದ್ದು. ಅದರ ಹಿಂದೆ ಯುದ್ಧವಿದೆ, ಕೆಡವಿದ ದೇವಾಲಯದ ನೋವಿನ ಕಥೆಯೂ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಇವತ್ತು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಆ ಜಾಗವನ್ನು ‘ಮುಸಾಫಿರ್‌ಖಾನೆ ಮತ್ತು ಹೊಂಡ’ ಎಂದೇ ಪಟ್ಟಿಯಲ್ಲಿ ಸೇರಿಸಿ ಕಾಯುತ್ತಿದೆ. ದಾರಿಹೋಕನಿಗೊಂದು ಸೂರು, ಅದರ ಪಕ್ಕದಲ್ಲೇ ನೀರು. ಬಂದವನಿಗೆ ಬೇಕಾದ ಎರಡನ್ನೂ ಆ ಹೆಸರೇ ಹೇಳುತ್ತದೆ. ನಾಯಕರಾಗಲಿ, ಸುಲ್ತಾನರಾಗಲಿ, ಈ ನೆಲವನ್ನು ಆಳಿದವರು ರಾತ್ರಿ ತಂಗುವವನ ಹೊಣೆ ತಮ್ಮದೆಂದು ತಿಳಿದಿದ್ದರು. ಕಂದಾಯ ಎತ್ತಿದ ಕೈಯೇ ಛತ್ರ ಕಟ್ಟಿಸುತ್ತಿತ್ತು. ನಮ್ಮ ನಾಡಿನ ಶಾಸನಗಳಲ್ಲಿ ಅರವಟ್ಟಿಗೆಗೆ, ಛತ್ರಕ್ಕೆ, ರಾತ್ರಿಯೆಲ್ಲ ಉರಿಯುವ ದೀಪದ ಎಣ್ಣೆಗೆ ಭೂಮಿ ಬಿಟ್ಟ ದತ್ತಿಗಳು ಹೇರಳವಾಗಿವೆ. ಗದ್ದೆಯ ಇಷ್ಟು ಭಾಗದ ಹುಟ್ಟುವಳಿಯಲ್ಲಿ ದಾರಿಹೋಕರಿಗೆ ನೀರು ಎರೆಯಬೇಕು ಎಂದು ಕಲ್ಲಿನಲ್ಲಿ ಬರೆಸಿಟ್ಟ ಜನ ನಾವು. ಒಂದು ದತ್ತಿಯ ಹೆಸರಿನಲ್ಲಿ ಇಲ್ಲಿ ಕುಳಿತಿರುವಾಗ ಇದನ್ನು ನೆನೆಯದೆ ಹೇಗಿರಲಿ?

ಅಂದಿನ ಗಾಡಿಯವರು ಯಾರು? ಈ ಪ್ರಶ್ನೆಗೆ ಉತ್ತರ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿದೆ. ಬಂಜಾರರು, ಅಂದರೆ ಲಂಬಾಣಿಗಳು, ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುವ ಕ್ಷೇತ್ರ ಅದು, ಅವರು ಹುಟ್ಟಿದ್ದು 1739ರಲ್ಲಿ ಎನ್ನುತ್ತಾರೆ. ಲಂಬಾಣಿಗಳು ಆಗ ದೇಶದ ಸರಕು ಸಾಗಣೆದಾರರು. ಸಾವಿರಾರು ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ಕರಾವಳಿಯಿಂದ ಬಯಲುಸೀಮೆಗೆ, ಬಯಲುಸೀಮೆಯಿಂದ ಸೈನ್ಯಗಳ ಬೀಡಿಗೆ ತಲುಪಿಸುತ್ತಿದ್ದರು. ಹೇರು ಇಳಿಸಿ ರಾತ್ರಿ ತಂಗಿದ ಜಾಗವೇ ತಾಂಡಾ. ಹೇರುಗಳನ್ನು ಸುತ್ತ ಪೇರಿಸಿ, ನಡುವೆ ಮಕ್ಕಳು ಹೆಂಗಸರು ಮಲಗಿ, ಹೊರಗೆ ನಾಯಿ ಮತ್ತು ಗಂಡಸರ ಕಾವಲು. ರಾತ್ರಿಯ ಭದ್ರತೆಯನ್ನು ತಾವೇ ಕಟ್ಟಿಕೊಳ್ಳುತ್ತಿದ್ದ ಜನ ಅವರು. ಬ್ರಿಟಿಷರ ಕಾಲದಲ್ಲಿ ರಸ್ತೆ, ರೈಲು ಬಂದು ಎತ್ತಿನ ಹೇರಿಗೆ ಕೆಲಸವಿಲ್ಲದಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು. ಅದರ ಬಲೆಗೆ ಬಿದ್ದ ಅಲೆಮಾರಿ ಸಮುದಾಯಗಳ ಪಟ್ಟಿ ಮುಂದೆ ಬೆಳೆಯುತ್ತಾ ಹೋಯಿತು, ಲಂಬಾಣಿಗಳೂ ಹಲವು ಕಡೆ ಅದರಲ್ಲಿ ಸೇರಿದರು. ನೆಲೆ ನಿಲ್ಲದೆ ಓಡಾಡುವುದೇ ಅಪರಾಧದ ಗುರುತಾಯಿತು. ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಊರು ಬಿಡಲು ಅಪ್ಪಣೆ ಬೇಕು. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಇಂಥ ಅಲೆಮಾರಿ ಸಮುದಾಯಗಳ ಸ್ಥಿತಿಯ ಬಗ್ಗೆ ಬಾಳಕೃಷ್ಣ ರೇಣಕೆಯವರ ಆಯೋಗ 2008ರಲ್ಲಿ ವರದಿ ಕೊಟ್ಟಿತು, ಅದರ ನಂತರ ಇದಾತೆ ಆಯೋಗವೂ ಕೊಟ್ಟಿತು. ಕಾಯ್ದೆ ಹೋದರೂ ಆ ಕಾಯ್ದೆ ಕಲಿಸಿದ ಕಣ್ಣು ಹೋಗಿಲ್ಲ ಎಂಬುದು ಇಂಥ ವರದಿಗಳನ್ನು ಓದಿದವರಿಗೆ ಗೊತ್ತಾಗುತ್ತದೆ.

ಆ ಕಣ್ಣು ನಮ್ಮೆಲ್ಲರಲ್ಲೂ ಇದೆ. ಊರಿನ ಅಂಚಿನಲ್ಲಿ ಕತ್ತಲಾದ ಮೇಲೆ ಗುರುತಿಲ್ಲದ ಗಾಡಿ ನಿಂತರೆ ಮೊದಲು ಬರುವ ಯೋಚನೆ ಅನುಮಾನದ್ದು. ಮಕ್ಕಳ ಕಳ್ಳರು ಬಂದಿದ್ದಾರೆಂದು ಸುಳ್ಳು ಸುದ್ದಿ ಹಬ್ಬಿದಾಗಲೆಲ್ಲ ಈ ದೇಶದಲ್ಲಿ ಏಟು ತಿಂದವರು ಹೀಗೆ ಹೊರಗಿನಿಂದ ಬಂದವರೇ. ಇದಕ್ಕೆ ಎದುರಾಗಿ ನ್ಯಾಮತಿಯದೇ ಒಂದು ಸಂಗತಿಯನ್ನು ಇಡುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಹದಿನೇಳು ಕಿಲೋಗೂ ಹೆಚ್ಚು ಅಡವಿನ ಚಿನ್ನ ಕಳುವಾದದ್ದು ನಿಮಗೆಲ್ಲ ನೆನಪಿದೆ. ಎಷ್ಟು ಮನೆಗಳ ಹೆಣ್ಣುಮಕ್ಕಳ ನಿದ್ದೆ ಹೋಯಿತು! ಪೊಲೀಸರು ತಿಂಗಳುಗಟ್ಟಲೆ ಶ್ರಮಪಟ್ಟು 2025ರ ಮಾರ್ಚ್‌ನಲ್ಲಿ ಪ್ರಕರಣ ಭೇದಿಸಿ ಚಿನ್ನ ವಾಪಸು ತಂದರು. ಅವರು ಆರೋಪಿಗಳೆಂದು ಹೆಸರಿಸಿದವರಲ್ಲಿ ಊರಿನಲ್ಲೇ ನೆಲೆಸಿ ವ್ಯಾಪಾರ ಮಾಡಿಕೊಂಡಿದ್ದವರು ಇದ್ದರು. ನ್ಯಾಯಾಲಯ ತೀರ್ಮಾನಿಸಬೇಕಾದ ವಿಷಯ ಅದು, ಅದರ ಬಗ್ಗೆ ಹೆಚ್ಚು ಹೇಳುವುದು ತರವಲ್ಲ. ಮನೆಯ ವಿಳಾಸ ಇರುವುದು ಒಳ್ಳೆಯತನಕ್ಕೆ ಸಾಕ್ಷಿಯೂ ಅಲ್ಲ, ವಿಳಾಸ ಇಲ್ಲದಿರುವುದು ಕೆಟ್ಟತನಕ್ಕೆ ಸಾಕ್ಷಿಯೂ ಅಲ್ಲ ಎಂಬುದಕ್ಕೆ ಮಾತ್ರ ಇದನ್ನು ಎತ್ತಿದೆ.

ನಿಜ ಹೇಳಬೇಕೆಂದರೆ ರಸ್ತೆ ಬದಿ ಮಲಗುವವನೇ ಕಳ್ಳರಿಗೆ ಮೊದಲ ತುತ್ತು. ಹೊಂಡದ ಹತ್ತಿರ, ಸೇತುವೆಯ ಹತ್ತಿರ, ಬಂಕಿನ ಆಚೆಯ ಕತ್ತಲಿನಲ್ಲಿ ಲಾರಿ ನಿಲ್ಲಿಸಿದವನನ್ನು ಕೇಳಿ ನೋಡಿ. ಡೀಸೆಲ್ ಟ್ಯಾಂಕಿಗೆ ಪೈಪು ಹಾಕುತ್ತಾರೆ, ಬ್ಯಾಟರಿ ಬಿಚ್ಚುತ್ತಾರೆ, ಟಾರ್ಪಾಲು ಕೊಯ್ದು ಮೇಲಿನ ಚೀಲಗಳನ್ನು ಎಳೆಯುತ್ತಾರೆ. ಅಡಿಕೆ ಲೋಡಿದ್ದರಂತೂ ಕಣ್ಣು ಮುಚ್ಚುವ ಹಾಗೇ ಇಲ್ಲ. ಒಬ್ಬ ಚಾಲಕರು ನನ್ನ ಹತ್ತಿರ ಹೇಳಿದ ಮಾತು ಕಿವಿಯಲ್ಲಿ ಹಾಗೇ ಉಳಿದಿದೆ: “ಸಾರ್, ನಾವು ಮಲಗೋದಲ್ಲ, ಒರಗೋದು. ಒಂದು ಕಿವಿ ಹೊರಗಡೆನೇ ಇರ್ತದೆ.” ಹೀಗೆ ಒರಗಿ ಎದ್ದವರು ಮರುದಿನ ಇಪ್ಪತ್ತು ಟನ್ನಿನ ಗಾಡಿಯನ್ನು ನಮ್ಮ ಮಕ್ಕಳು ಸೈಕಲ್ ತುಳಿಯುವ ರಸ್ತೆಯಲ್ಲೇ ಓಡಿಸುತ್ತಾರೆ. ಇನ್ನೊಂದು ಅಪಾಯವೂ ಇದೆ. ಜಾಗವಿಲ್ಲದೆ ರಸ್ತೆಯಂಚಿಗೇ ನಿಲ್ಲಿಸಿದ ಲಾರಿಯ ಹಿಂಬದಿಗೆ ಬೈಕು, ಕಾರು ಬಡಿದು ಸತ್ತವರ ಸುದ್ದಿ ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ ನಾವು.

ಕಾನೂನು ಏನು ಹೇಳುತ್ತದೆ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಏಕೆಂದರೆ ಎಡವಿದ್ದೆಲ್ಲಿ ಎಂಬುದು ಇಲ್ಲೇ ಕಾಣುತ್ತದೆ. 1961ರಲ್ಲಿ ಸಂಸತ್ತು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಮಾಡಿತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಕೆಲಸದ ಮೇಲೆ ರಾತ್ರಿ ತಂಗಬೇಕಾಗಿ ಬರುವ ಊರುಗಳಲ್ಲಿ ಚಾಲಕ, ಕ್ಲೀನರುಗಳಿಗೆ ಗಾಳಿ ಬೆಳಕಿರುವ ವಿಶ್ರಾಂತಿ ಕೋಣೆಯನ್ನು ಮಾಲೀಕನೇ ಒದಗಿಸಬೇಕು ಎಂದು ಅದರ 9ನೇ ಸೆಕ್ಷನ್ ಹೇಳಿತು. ಎಂಥ ಒಳ್ಳೆಯ ಕಾನೂನು! ಆದರೆ ಅದು ಅನ್ವಯವಾಗುತ್ತಿದ್ದುದು 5 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ನಮ್ಮ ಕಡೆಯ ಲಾರಿಗಳನ್ನು ನೋಡಿ. ಒಬ್ಬನಿಗೆ ಒಂದು ಲಾರಿ, ಹೆಚ್ಚೆಂದರೆ ಎರಡು. ಅನೇಕ ಸಲ ಸಾಲದ ಕಂತು ಕಟ್ಟುತ್ತಾ ಮಾಲೀಕನೇ ಸ್ಟೇರಿಂಗ್ ಹಿಡಿದಿರುತ್ತಾನೆ. ಅವನು ಯಾರಿಗೆ ಕೋಣೆ ಕಟ್ಟಿಸಬೇಕು, ತನಗೇ? 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆ ಅವುಗಳಲ್ಲಿ ಲೀನವಾಯಿತು. ಕೆಲಸಗಾರರ ಮಿತಿ ಐದರಿಂದ ಹತ್ತಕ್ಕೆ ಏರಿತು. ಸಣ್ಣ ಲಾರಿಯವನು ಇನ್ನಷ್ಟು ದೂರವಾದ.

ಇತ್ತ ಬಿಗಿ ಮಾಡುವ ಕಾನೂನುಗಳು ಮಾತ್ರ ಎಲ್ಲರಿಗೂ ತಪ್ಪದೆ ಅನ್ವಯವಾಗುತ್ತವೆ. ಅಪಾಯವಾಗುವ ಹಾಗೆ ಗಾಡಿ ನಿಲ್ಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ಹೇಳುತ್ತದೆ, ದಂಡ ಬೀಳುತ್ತದೆ. ಇ-ವೇ ಬಿಲ್ಲಿನ ಗಡುವು 2021ರ ಜನವರಿಯಿಂದ ಬಿಗಿಯಾಗಿ, ಪ್ರತಿ 200 ಕಿಲೋಮೀಟರಿಗೆ ಒಂದು ದಿನ ಎಂದಾಗಿದೆ. ಮೊದಲು 100 ಕಿಲೋಮೀಟರಿಗೆ ಒಂದು ದಿನ ಇತ್ತು. ಸರಕು ಎಷ್ಟು ಹೊತ್ತಿನಲ್ಲಿ ತಲುಪಬೇಕೆಂದು ಸರಕಾರ ಗಂಟೆ ಎಣಿಸುತ್ತದೆ, ಸರಕು ತಂದವನು ಎಷ್ಟು ಹೊತ್ತು ನಿದ್ದೆ ಮಾಡಿದ ಎಂದು ಎಣಿಸುವವರಿಲ್ಲ. ಅದೇ ಮೋಟಾರು ವಾಹನ ಕಾಯ್ದೆಯಲ್ಲಿ 117ನೇ ಸೆಕ್ಷನ್ ಕೂಡ ಇದೆ. ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ವಾಹನ ನಿಲ್ಲುವ ಜಾಗಗಳನ್ನು ರಾಜ್ಯ ಸರಕಾರ ಗೊತ್ತುಮಾಡಬಹುದು ಎನ್ನುತ್ತದೆ. ಅಂದರೆ ಅಧಿಕಾರ ಇದೆ. 122 ಎಲ್ಲ ಕಡೆ ನಡೆಯುತ್ತದೆ, 117 ಕಡತದಲ್ಲೇ ಉಳಿದಿದೆ. ಇಲ್ಲಿ ನಿಲ್ಲಿಸಬೇಡ ಎನ್ನುವವರು, ಹಾಗಾದರೆ ಎಲ್ಲಿ ನಿಲ್ಲಿಸಬೇಕು ಎಂದೂ ತೋರಿಸಬೇಕು. ಬರೀ ದಂಡ ಹಾಕುವುದು ನ್ಯಾಯವಲ್ಲ ಎಂದು ನಾನು ಖಚಿತವಾಗಿ ನಂಬುತ್ತೇನೆ.

ಸರಕಾರಗಳು ಏನೂ ಮಾಡಿಲ್ಲವೆಂದರೆ ತಪ್ಪಾಗುತ್ತದೆ. ರಾಜ್ಯದಲ್ಲಿ ಡಿ. ದೇವರಾಜ ಅರಸು ಟ್ರಕ್ ಟರ್ಮಿನಲ್ಸ್ ನಿಗಮವಿದೆ, ಬೆಂಗಳೂರಿನ ಯಶವಂತಪುರದ ಟರ್ಮಿನಲ್ ಅದರದೇ. 2024ರಲ್ಲಿ ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆ ರಾಜ್ಯವೇ ಒಂದು ಕಾಯ್ದೆ ಮಾಡಿತು, ಅಪಘಾತವಾದಾಗ ಆ ಕುಟುಂಬಗಳಿಗೆ ನೆರವು ಸಿಗುತ್ತದೆ. ತೈಲ ಕಂಪನಿಗಳು ಹೆದ್ದಾರಿಯ ಬಂಕುಗಳಲ್ಲಿ ‘ಅಪ್ನಾ ಘರ್’ ಎಂಬ ತಂಗುದಾಣ ಕಟ್ಟುತ್ತಿವೆ. 2025ರ ಜುಲೈ ಹೊತ್ತಿಗೆ ದೇಶದಲ್ಲಿ 368 ಕಡೆ, ಒಟ್ಟು 4,611 ಹಾಸಿಗೆ. ಮಲಗುವ ಕೋಣೆ, ಶೌಚಾಲಯ, ಒಟ್ಟಾಗಿ ಸ್ನಾನ ಮಾಡುವ ತೊಟ್ಟಿ, ತಾವೇ ಅಡುಗೆ ಮಾಡಿಕೊಳ್ಳಲು ಜಾಗ. ಅಡುಗೆಗೆ ಜಾಗ ಇಟ್ಟದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ, ಆ ಯೋಜನೆ ಮಾಡಿದವರು ಲಾರಿಯವರ ಜೊತೆ ಕೂತು ಮಾತಾಡಿರಬೇಕು. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಏಪ್ರಿಲ್ ತಿಂಗಳಲ್ಲಿ ಜಗಳೂರಿನ ಬಿಸಿಲಿಗೆ ಕಾದ ಕ್ಯಾಬಿನ್ನಿನಲ್ಲಿ ಕುಳಿತು ನೋಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಇವೆಲ್ಲ ದೊಡ್ಡ ಹೆದ್ದಾರಿ, ದೊಡ್ಡ ಊರು, ಹೊಸ ಗಾಡಿಯ ಮಾತು. ಲಾರಿ ತುಂಬುವುದು ನಮ್ಮಂಥ ಸಣ್ಣ ಊರುಗಳಲ್ಲಿ. ಕಾಯುವ ರಾತ್ರಿಯೂ ಇಲ್ಲಿಯದೇ. ಗೂಡ್ಸ್ ಆಟೊದಲ್ಲಿ ಸಂಸಾರ ಮಾಡುವ ಕೊಡ ಮಾರುವವರಿಗಂತೂ ಬಂಕಿನ ಹಾಸಿಗೆಯಿಂದ ಏನೂ ಸಿಗುವುದಿಲ್ಲ.

ನಗರದ ವಸತಿಹೀನರಿಗೆ ರಾತ್ರಿ ವಸತಿ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವ ಒಂದು ಕೇಂದ್ರ ಎಂಬುದು ಅದರ ಅಳತೆ. ನಮ್ಮ ನಾಲ್ಕು ಪಟ್ಟಣಗಳಲ್ಲಿ ಯಾವುದೂ ಲಕ್ಷದ ಹತ್ತಿರವೂ ಇಲ್ಲ. ಆ ಅಳತೆಗೋಲು ಇಲ್ಲಿಗೆ ಬರುವ ಮುಂಚೆಯೇ ಮುಗಿದುಹೋಗುತ್ತದೆ. ವಸತಿ ಕೇಂದ್ರ ಕಟ್ಟಿದರೂ ಗಾಡಿಯವರು ಅಲ್ಲಿಗೆ ಹೋಗಲಾರರು. ಗಾಡಿಯಲ್ಲಿ ಅವರ ಬಂಡವಾಳವಿದೆ, ಬೇರೆಯವರ ಮಾಲಿದೆ. ಗಾಡಿ ಒಂದು ಕಡೆ, ತಾವೊಂದು ಕಡೆ ಮಲಗುವ ಹಾಗಿಲ್ಲ. ಇವರಿಗೆ ಬೇಕಾದದ್ದು ಹಾಸಿಗೆಗಿಂತ ಮೊದಲು ನಿಲುಗಡೆ.

ಇದನ್ನು ಬಹಳ ಚೆನ್ನಾಗಿ ಅರ್ಥಮಾಡಿಕೊಂಡ ಒಂದು ಊರು ಅಮೆರಿಕದಲ್ಲಿದೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ, ಸಮುದ್ರದ ದಂಡೆಯ ಶ್ರೀಮಂತ ಪಟ್ಟಣ. ಬಾಡಿಗೆ ಕಟ್ಟಲಾಗದೆ ಕಾರಿನಲ್ಲೇ ಬದುಕುವವರು ಅಲ್ಲಿ ಹೆಚ್ಚಾದಾಗ ನ್ಯೂ ಬಿಗಿನಿಂಗ್ಸ್ ಎಂಬ ಸೇವಾ ಸಂಸ್ಥೆ 2004ರಲ್ಲಿ ಒಂದು ಕೆಲಸ ಶುರುಮಾಡಿತು. ಚರ್ಚುಗಳ, ಕಚೇರಿಗಳ ಪಾರ್ಕಿಂಗ್ ಜಾಗ ರಾತ್ರಿ ಖಾಲಿ ಬಿದ್ದಿರುತ್ತದಲ್ಲ, ಅಲ್ಲಿ ಕೆಲವೇ ಕಾರುಗಳಿಗೆ ಮಲಗಲು ಅನುಮತಿ. ಸಂಜೆ ಬರಬೇಕು, ಬೆಳಿಗ್ಗೆ ಹೊರಡಬೇಕು, ಶೌಚಾಲಯವಿರುತ್ತದೆ, ರಾತ್ರಿ ಒಬ್ಬರು ನೋಡಿಕೊಂಡು ಹೋಗುತ್ತಾರೆ. ಒಂದೇ ಕಡೆ ನೂರಾರು ಕಾರು ಗುಡ್ಡೆ ಹಾಕದೆ ಊರೆಲ್ಲ ಹಂಚಿದ್ದು ಅವರ ಜಾಣ್ಮೆ. ಅಕ್ಕಪಕ್ಕದವರಿಗೆ ತೊಂದರೆಯಾಗದೆ ಕೆಲಸ ನಡೆಯಿತು. ಆಮೇಲೆ ಲಾಸ್ ಏಂಜಲೀಸ್‌ನಂಥ ಮಹಾನಗರಗಳೂ ಅದನ್ನೇ ಹಿಡಿದವು. ಆದರೆ ಅದೇ ದೇಶದಲ್ಲಿ 2024ರ ಜೂನ್ 28ರಂದು ಸುಪ್ರೀಂ ಕೋರ್ಟು ಗ್ರಾಂಟ್ಸ್ ಪಾಸ್ ಎಂಬ ಸಣ್ಣ ಊರಿನ ಪರವಾಗಿ ತೀರ್ಪು ಕೊಟ್ಟು, ಬೀದಿಯಲ್ಲಿ, ಉದ್ಯಾನದಲ್ಲಿ ಮಲಗುವವರಿಗೆ ದಂಡ ಹಾಕುವ ಅಧಿಕಾರವನ್ನು ಎತ್ತಿಹಿಡಿಯಿತು. ಆ ಊರಿನ ನಿಯಮದಲ್ಲಿ ವಾಹನದಲ್ಲಿ ಮಲಗುವುದೂ ಸೇರಿತ್ತು. ಒಂದೇ ದೇಶದ ಎರಡು ಊರು, ಒಂದೇ ಸಂಕಟ. ನಮಗೆ ಯಾವ ಊರು ಮಾದರಿ? ಅಲ್ಲಿನವರು ಬಾಡಿಗೆಗೆ ಸೋತು ಕಾರು ಹತ್ತಿದವರು, ಇಲ್ಲಿನವರು ದುಡಿಮೆಗೆಂದು ಗಾಡಿ ಹತ್ತಿದವರು. ಆ ವ್ಯತ್ಯಾಸ ನಮ್ಮ ಹೊಣೆಯನ್ನು ಹೆಚ್ಚಿಸುತ್ತದೆ. ಇವರು ಇಲ್ಲಿ ಮಲಗುವುದು ನಮ್ಮ ಕೆಲಸಕ್ಕಾಗಿ.

ರಾತ್ರಿ ತಂಗುವವರಿಗೆ ಜಾಗ ಕೊಡುವ ಪದ್ಧತಿ ನಮ್ಮಲ್ಲಿ ಇಂದಿಗೂ ಒಂದು ಕಡೆ ಜೀವಂತವಾಗಿದೆ. ಜಗಳೂರು, ಚಳ್ಳಕೆರೆ ಕಡೆಯ ಕುರಿಗಾಹಿಗಳು ಮೇವು ತೀರಿದಾಗ ಮಂದೆ ಹೊಡೆದುಕೊಂಡು ನಾಲೆಯ ಸೀಮೆಗೆ ಬರುತ್ತಾರೆ. ಕೊಯ್ಲಾದ ಹೊಲಗಳ ರೈತರು ಅವರನ್ನು ಹುಡುಕಿಕೊಂಡು ಹೋಗಿ, ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿ ಎಂದು ಕರೆಯುತ್ತಾರೆ. ರಾತ್ರಿ ಬಲೆಯ ಬೇಲಿಯೊಳಗೆ ಮಂದೆ ಮಲಗುತ್ತದೆ, ಕುರುಬರು ಪಕ್ಕದಲ್ಲಿ ಕಂಬಳಿ ಹೊದ್ದು ಮಲಗುತ್ತಾರೆ, ಹಿಕ್ಕೆ ಗಂಜಳ ಹೊಲಕ್ಕೆ ಸೇರುತ್ತದೆ. ಅದಕ್ಕೆ ರೈತನೇ ದವಸವನ್ನೋ ಹಣವನ್ನೋ ಕೊಡುತ್ತಾನೆ. ತಂಗಿದವನಿಗೇ ಕೂಲಿ! ಮಂದೆಯ ಹಿಕ್ಕೆಯಿಂದ ತನ್ನ ಹೊಲಕ್ಕೆ ಎಷ್ಟು ಲಾಭವೆಂದು ಆ ರೈತನಿಗೆ ಚೆನ್ನಾಗಿ ಗೊತ್ತು. ಲಾರಿಯಿಂದ ಚನ್ನಗಿರಿಯ ಅಡಿಕೆ ಮಾರುಕಟ್ಟೆಗೆ ಎಷ್ಟು ಲಾಭವೆಂದು ನಮಗೆ ಗೊತ್ತಿಲ್ಲವೇ? ತುಮ್ಕೋಸ್‌ನಂಥ ಸಹಕಾರಿ ಸಂಸ್ಥೆಗಳು ಬೆಳೆದದ್ದು ಬೆಳೆಗಾರನ ಬೆವರಿನಿಂದ, ವ್ಯಾಪಾರದ ನಿಯತ್ತಿನಿಂದ. ಆ ಮಾಲನ್ನು ಸಾವಿರಾರು ಕಿಲೋಮೀಟರ್ ದಾಟಿಸಿದವರ ನಿದ್ದೆಗೆಟ್ಟ ಕಣ್ಣುಗಳ ಪಾಲೂ ಅದರಲ್ಲಿದೆ.

ಹಾಗಾದರೆ ಏನು ಮಾಡಬೇಕು? ಹೊಸ ಕಟ್ಟಡ ಬೇಡ. ಎಪಿಎಂಸಿ ಪ್ರಾಂಗಣ, ಸಂತೆ ಮೈದಾನ, ಮಠಗಳ ಬಯಲು, ಕಲ್ಯಾಣ ಮಂಟಪಗಳ ಅಂಗಳ ಇವೆಲ್ಲ ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಬಹುಪಾಲು ಖಾಲಿ. ಪುರಸಭೆ, ಪಟ್ಟಣ ಪಂಚಾಯಿತಿಗಳು ಅವುಗಳಲ್ಲಿ ಒಂದು ಮೂಲೆಯನ್ನು ಗುರುತಿಸಲಿ. ಮಳೆಗಾಲದಲ್ಲಿ ಚಕ್ರ ಹೂಳದಂತೆ ಮೊರಂ ಹಾಕಿಸಲಿ. ಒಂದು ದೊಡ್ಡ ದೀಪ, ಒಂದು ನಲ್ಲಿ, ಸ್ನಾನಕ್ಕೊಂದು ತೊಟ್ಟಿ, ಒಲೆ ಹೂಡಲು ತಗಡಿನ ನೆರಳು. ಶೌಚಾಲಯ ಹೆಂಗಸರಿಗೆ ಬೇರೆಯೇ ಇರಬೇಕು, ಒಳಗಿನಿಂದ ಭದ್ರವಾಗಿ ಚಿಲಕ ಹಾಕಿಕೊಳ್ಳುವಂತಿರಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಗೂಡ್ಸ್ ಗಾಡಿಯಲ್ಲಿ ಮಲಗುವ ತಾಯಂದಿರು ಕತ್ತಲಾಗುವವರೆಗೂ ತಡೆದುಕೊಂಡು, ಕತ್ತಲಾದ ಮೇಲೆ ಹೆದರಿಕೊಂಡು ಪೊದೆಯ ಮರೆಗೆ ಹೋಗುತ್ತಾರೆ. ಹೊಟ್ಟೆತುಂಬ ನೀರು ಕುಡಿಯುವುದನ್ನೇ ಬಿಟ್ಟವರಿದ್ದಾರೆ. ದೊಡ್ಡ ಲಾರಿಗಳಿಗೂ ಸಂಸಾರವಿರುವ ಸಣ್ಣ ಗಾಡಿಗಳಿಗೂ ನಡುವೆ ಒಂದು ಗೆರೆ ಎಳೆದರೆ ಎರಡೂ ಕಡೆಯವರಿಗೆ ನೆಮ್ಮದಿ. ಯಂತ್ರದ ಜೊತೆ ಬರುವ ಹುಡುಗರಿಗೆ ಮೊಬೈಲ್ ಚಾರ್ಜು ಮಾಡಿಕೊಳ್ಳಲು ಎರಡು ಪ್ಲಗ್ಗು ಇದ್ದರೆ ಅವರು ರಾತ್ರಿ ಮನೆಗೆ ಫೋನು ಮಾಡಿಕೊಳ್ಳುತ್ತಾರೆ.

ಕಾವಲಿಗೆ ಒಬ್ಬರು ಬೇಕು. ಗಾಡಿ ಓಡಿಸಿ ವಯಸ್ಸಾದ ಹಳೆಯ ಚಾಲಕರನ್ನೇ ಇಟ್ಟುಕೊಂಡರೆ ಬಹಳ ಒಳ್ಳೆಯದು, ಬಂದವರ ಕಷ್ಟ ಅವರಿಗೆ ಹೇಳದೆಯೇ ತಿಳಿಯುತ್ತದೆ. ಗಾಡಿಯ ನಂಬರು, ಬಂದ ಹೊತ್ತು, ಹೋದ ಹೊತ್ತು ಒಂದು ಪುಸ್ತಕದಲ್ಲಿ ಬರೆದರೆ ಸಾಕು. ಜಾತಿ, ಊರು, ಅಪ್ಪನ ಹೆಸರು, ಬೆರಳ ಗುರುತು ಇವು ಯಾವುವೂ ಬೇಡ. ಹಾಜರಿ ಪುಸ್ತಕ ಎಂಬುದು ಅಲೆಮಾರಿಗಳ ಪಾಲಿಗೆ ಏನಾಗಿತ್ತು ಎಂದು ಆಗಲೇ ಹೇಳಿದೆ. ಗಾಡಿಯವರ ರಕ್ಷಣೆಗೆಂದು ಇಟ್ಟ ಪುಸ್ತಕ ಅವರ ಮೇಲೆಯೇ ತಿರುಗಬಾರದು. ರಾತ್ರಿ ಗಸ್ತಿನ ಪೊಲೀಸರು ಒಂದು ಸುತ್ತು ಬಂದು ಕಾವಲುಗಾರರನ್ನು ಮಾತಾಡಿಸಿ ಹೋಗಲಿ. ಮಲಗಿದವರನ್ನು ಎಬ್ಬಿಸಿ ಕಾಗದ ಕೇಳುವ ಪದ್ಧತಿ ಆ ಅಂಗಳದೊಳಗೆ ಇರಕೂಡದು.

ಖರ್ಚು ಯಾರದು ಎಂಬ ಪ್ರಶ್ನೆ ನ್ಯಾಯವಾದದ್ದು. ಲಾರಿಯವರು ಒಂದು ಚಹಾದಷ್ಟು ಶುಲ್ಕ ಕೊಡಲು ಹಿಂದೆ ಮುಂದೆ ನೋಡುವುದಿಲ್ಲ, ಡೀಸೆಲ್ ಕಳುವಾಗುವುದಕ್ಕಿಂತ ಅದು ಎಷ್ಟೋ ಮೇಲು. ಸಂಸಾರದ ಗಾಡಿಗಳಿಂದ ಏನೂ ಕೇಳಬಾರದು. ಮಾಲು ತರಿಸುವ, ಕಳಿಸುವ ವರ್ತಕರ ಸಂಘಗಳು, ಅಡಿಕೆ ಮತ್ತು ಮೆಕ್ಕೆಜೋಳದ ಮಂಡಿಗಳು ಒಂದು ಭಾಗ ಹೊರಲಿ. ಇಲ್ಲಿ ದತ್ತಿಯ ಮಾತು ಮತ್ತೆ ಬರುತ್ತದೆ. ಒಂದು ಮೊತ್ತವನ್ನು ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಸುವ ವ್ಯವಸ್ಥೆ ನಮ್ಮ ಹಿರಿಯರದು. ಅದೇ ರೀತಿಯಲ್ಲಿ, ತಂದೆತಾಯಿಯ ನೆನಪಿಗೆ ಒಂದು ಅಂಗಳದ ದೀಪದ ಖರ್ಚನ್ನೋ ಕಾವಲುಗಾರರ ಒಂದು ತಿಂಗಳ ಸಂಬಳವನ್ನೋ ವಹಿಸಿಕೊಳ್ಳುವ ಮನೆಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಇಲ್ಲವೆಂದು ನಾನು ನಂಬಲಾರೆ. ಪ್ರತಿ ವರ್ಷ ಫೆಬ್ರುವರಿಯಲ್ಲಿ ಸೇವಾಲಾಲ್ ಜಯಂತಿಗೆ ಸೂರಗೊಂಡನಕೊಪ್ಪಕ್ಕೆ ನಾನಾ ರಾಜ್ಯಗಳಿಂದ ಗಾಡಿಗಳಲ್ಲಿ ಬರುವ ಮಾಲಾಧಾರಿಗಳನ್ನು ಉಪಚರಿಸುವ ಜನ ಇದೇ ಊರುಗಳವರು. ಆ ಕೆಲವು ದಿನ ನೀರು, ಬೆಳಕು, ಕಾವಲು ಎಲ್ಲವೂ ಹೇಗೋ ಒದಗುತ್ತದೆ. ಮಾಡುವ ಕೈಗಳು, ಮಾಡಿದ ಅನುಭವ ಎರಡೂ ಇಲ್ಲೇ ಇವೆ.

ಕೊಳಕಾಗುತ್ತದೆ, ಗಲಾಟೆಯಾಗುತ್ತದೆ, ಕುಡಿತ ಬರುತ್ತದೆ ಎನ್ನುವವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಈಗ ಶೌಚಾಲಯವಿಲ್ಲದೆ ಊರ ಅಂಚೆಲ್ಲ ಕೊಳಕಾಗುತ್ತಿರುವುದನ್ನೂ ಅವರು ನೋಡಲಿ. ಬೆಳಕಿರುವ, ಹೇಳುವವರು ಕೇಳುವವರು ಇರುವ ಅಂಗಳದಲ್ಲಿ ಗಲಾಟೆ ಕಡಿಮೆ. ಮೊದಲು ಹತ್ತು ಹದಿನೈದು ಗಾಡಿಗಷ್ಟೇ ಜಾಗ ಮಾಡಿ ನೋಡಲಿ, ತೊಂದರೆ ಕಂಡರೆ ತಿದ್ದಿಕೊಳ್ಳಲಿ. ಇನ್ನೊಂದು ಮಾತು. ಬಹಳ ಕಾಲ ಲಾರಿ ಚಾಲಕರನ್ನು ಸರಕಾರದ ಯೋಜನೆಗಳು ಕಂಡದ್ದೇ ಎಚ್‌ಐವಿ ಹರಡುವವರೆಂದು. ಶಿಬಿರ, ಪರೀಕ್ಷೆ, ತಿಳಿವಳಿಕೆ ಎಲ್ಲವೂ ಅಗತ್ಯವಾಗಿದ್ದವು ನಿಜ. ಆದರೆ ಆ ಮನುಷ್ಯನಿಗೆ ನಿದ್ದೆ ಬೇಕು, ಬೆನ್ನು ನೋವಿಗೆ ಔಷಧಿ ಬೇಕು, ಸಕ್ಕರೆ ಕಾಯಿಲೆಯ ತಪಾಸಣೆ ಬೇಕು, ಕಣ್ಣಿನ ಪರೀಕ್ಷೆ ಬೇಕು ಎಂದು ನೆನೆದವರು ಕಡಿಮೆ. ತಾಲ್ಲೂಕು ಆಸ್ಪತ್ರೆಯವರು ತಿಂಗಳಿಗೊಂದು ಸಂಜೆ ಆ ಅಂಗಳಕ್ಕೆ ಬಂದರೆ, ಅಲೆಮಾರಿ ಮಕ್ಕಳ ಲಸಿಕೆ ತಪ್ಪಿದ್ದರೂ ಅಲ್ಲೇ ಹಾಕಬಹುದು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಡಾಬಾಗಳು ಮುಚ್ಚಿದವು, ಲಾರಿಗಳು ನಿಂತಲ್ಲೇ ನಿಂತವು. ಆಗ ಅನ್ನದ ಪಾತ್ರೆ ಹೊತ್ತು ರಸ್ತೆಗೆ ಬಂದವರು ಹಳ್ಳಿಯ ಜನ. ಯಾರೂ ಆದೇಶ ಹೊರಡಿಸಿರಲಿಲ್ಲ. ಆ ಮನಸ್ಸು ನಮ್ಮಲ್ಲಿದೆ, ಅದಕ್ಕೊಂದು ನಿಗದಿಯಾದ ಜಾಗ, ನಿಗದಿಯಾದ ದೀಪ ಇಲ್ಲ, ಅಷ್ಟೇ.

ಇಲ್ಲಿ ಚುನಾಯಿತ ಸದಸ್ಯರಿದ್ದೀರಿ, ವರ್ತಕರಿದ್ದೀರಿ, ಮೇಷ್ಟ್ರುಗಳಿದ್ದೀರಿ, ಲಾರಿ ಮಾಲೀಕರೂ ಇದ್ದೀರಿ. ಮೆಕ್ಕೆಜೋಳದ ಲಾರಿಗಳು ಅಕ್ಟೋಬರ್ ಕೊನೆಯಿಂದ ಬರತೊಡಗುತ್ತವೆ, ಅದರ ಬೆನ್ನಿಗೆ ಭತ್ತದ ಯಂತ್ರಗಳು, ಅಡಿಕೆಯ ಲೋಡುಗಳು. ನಾಲ್ಕೂ ಪಟ್ಟಣಗಳಲ್ಲಿ ಒಮ್ಮೆಗೇ ಆಗದಿದ್ದರೆ ಒಂದರಲ್ಲಿ ಆಗಲಿ. ಜಾಗ ಯಾವುದು ಎಂದು ಗೊತ್ತುಮಾಡಿ ಮುಂದಿನ ಸಾಮಾನ್ಯ ಸಭೆಯಲ್ಲಿ ಠರಾವು ಮಂಡಿಸಿ, ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ನಿನಡಿ ಜಿಲ್ಲಾಡಳಿತಕ್ಕೆ ಪತ್ರ ಕಳಿಸಿ. ಪತ್ರ ಬರೆಯಲು, ಲೆಕ್ಕ ಇಡಲು, ಮೊದಲ ತಿಂಗಳುಗಳ ರಾತ್ರಿ ಕಾವಲಿನಲ್ಲಿ ಜೊತೆಗೆ ಕೂರಲು ನಾನು ಸಿದ್ಧನಿದ್ದೇನೆ. ನನ್ನ ಜೊತೆ ಬರುವವರು ಈ ಸಭೆ ಮುಗಿದ ಮೇಲೆ ವೇದಿಕೆಯ ಬಳಿ ಸಿಗಿ.